ಊರು ಖಾಲಿಯಾದ ಮೇಲೆ: ಅಬರಿಸ್ಟ್ವಿತ್‌ನಲ್ಲಿ ನಾಲ್ಕು ದಿನ

ಡಿಸೆಂಬರ್ 27

ಹಬ್ಬ ಬಂದರೆ ನಮ್ಮಲ್ಲಿ ಹೆಚ್ಚುವರಿ ರೈಲು ಬಿಡುತ್ತಾರೆ. ಇಲ್ಲಿ ಇರುವ ರೈಲನ್ನೂ ನಿಲ್ಲಿಸುತ್ತಾರೆ. ಕ್ರಿಸ್ಮಸ್ ದಿನ, ಅದರ ಮರುದಿನ, ವೇಲ್ಸ್ ಕಡೆಗೆ ಒಂದೂ ಗಾಡಿ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನ ಮಗನ ಮನೆಯಲ್ಲಿ ಸೋಫಾ ಮೇಲೆ ಕೂತು ಕೂತು ನನಗೆ ಸಾಕಾಗಿತ್ತು. ಸೋಫಾಕ್ಕೂ ಸಾಕಾಗಿತ್ತು ಅನಿಸುತ್ತದೆ.

ಹೊರಟಿದ್ದು ಅಬರಿಸ್ಟ್ವಿತ್‌ಗೆ. ವೇಲ್ಸ್‌ನ ಪಶ್ಚಿಮ ದಂಡೆಯ ಸಣ್ಣ ಊರು, ವಿಶ್ವವಿದ್ಯಾಲಯದ ಊರು. ಅಕ್ಕನ ಮಗಳು ಅಲ್ಲಿ ಓದುತ್ತಾಳೆ. ಮನೆಯಲ್ಲಿ ಎಲ್ಲರಿಗೂ ಪುಟ್ಟಿ, ಇಲ್ಲೂ ಹಾಗೇ ಇರಲಿ. ಅವಳು ಹುಲ್ಲಿನ ಮೇಲೆ ಓದೋಕೆ ವಿಲಾಯತಿಗೆ ಹೋಗ್ತಾಳೆ ಅಂದಾಗ ಬಾಗಲಕೋಟೆಯ ನಮ್ಮ ಮಂದಿ ನಕ್ಕಿದ್ದರು. ಆದರೆ ಆ ಊರಲ್ಲಿ ಹುಲ್ಲು ಸಣ್ಣ ವಿಷಯ ಅಲ್ಲ. 1919ರಲ್ಲೇ ಅಲ್ಲಿ ಮೇವಿನ ಹುಲ್ಲು, ಓಟ್ಸ್ ತಳಿಗಳ ಕೇಂದ್ರ ಶುರುವಾಗಿದೆ. ಹೈದರಾಬಾದಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ನಮ್ಮ ಸಜ್ಜೆಯ ಮೇಲೂ ಅಲ್ಲಿಯವರು ಕೆಲಸ ಮಾಡಿದ್ದಾರೆ. ಸಜ್ಜೆಯೂ ಹುಲ್ಲಿನ ಜಾತಿಯೇ ಅಲ್ವಾ? ನನ್ನ ಬ್ಯಾಗಿನಲ್ಲೂ ಎರಡು ಕಿಲೋ ಸಜ್ಜೆ ಹಿಟ್ಟಿತ್ತು. ಫೋನಿನಲ್ಲಿ ಅವಳು ಕೇಳಿದ್ದು ಅದೊಂದನ್ನೇ.

ಮೂರು ತಾಸಿನ ದಾರಿ. ಶ್ರೂಸ್‌ಬರಿಯಲ್ಲಿ ಗಾಡಿ ನಿಂತು, ಬಂದ ದಿಕ್ಕಿಗೇ ತಿರುಗಿ ಹೊರಟಿತು. ಮುಂದೆ ನೋಡಿಕೊಂಡು ಕೂತವನು ಹಿಂದೆ ನೋಡಿಕೊಂಡು ಹೋಗುವಂತಾಯಿತು. ಆಮೇಲೆ ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿ ಬರತೊಡಗಿದವು. ಗಾಡಿಯೊಳಗಿನ ಘೋಷಣೆಯೂ ಮೊದಲು ವೆಲ್ಷ್, ನಂತರ ಇಂಗ್ಲಿಷ್. ಮೊದಲಿನದು ಅರ್ಥವಾಗಲ್ಲ ಅಂತ ಕಿವಿ ಮುಚ್ಚಿಕೊಂಡೆ, ಎರಡನೆಯದು ಬರುವಷ್ಟರಲ್ಲಿ ನಿದ್ದೆ ಹತ್ತಿತ್ತು.

ಪಕ್ಕದ ಸೀಟಿನ ಅಜ್ಜಿ ಭುಜ ತಟ್ಟಿದರು. "ಅಬರ್?" ಅಂದರು. ಹೌದು ಅಂದೆ. ಈ ಡಬ್ಬಿ ಅಬರ್‌ಗೆ ಹೋಗಲ್ಲ, ಏಳಿ, ಓಡಿ ಅಂತ ಕೈ ಮಾಡಿದರು. ವಿಷಯ ಏನೆಂದರೆ, ಮಖಂತ್ಲೆತ್ ಅನ್ನುವ ಸ್ಟೇಷನ್ನಿನಲ್ಲಿ ಗಾಡಿ ಎರಡು ತುಂಡಾಗುತ್ತದೆ. ಒಂದು ತುಂಡು ಉತ್ತರದ ಪುಲ್ಹೇಲಿಗೆ, ಇನ್ನೊಂದು ಅಬರಿಸ್ಟ್ವಿತ್‌ಗೆ. ಇದನ್ನು ಎರಡೆರಡು ಭಾಷೆಯಲ್ಲಿ ಸಾರಿ ಸಾರಿ ಹೇಳಿದ್ದರಂತೆ. ಸಜ್ಜೆ ಹಿಟ್ಟಿನ ಬ್ಯಾಗ್ ಹೊತ್ತುಕೊಂಡು ಪ್ಲಾಟ್‌ಫಾರಂ ಮೇಲೆ ಓಡಿದೆ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಓಡಬಾರದು. ಆದರೂ ಗಾಡಿ ಸಿಕ್ಕಿತು.

(ಆ ಊರಿನ ಹೆಸರನ್ನು ನಾನು ಬರೆದ ಹಾಗೆ ಓದಬೇಡಿ. ಅದರಲ್ಲಿ ಎರಡು ಎಲ್ ಸೇರಿದ ಒಂದು ಸದ್ದಿದೆ. ನಾಲಿಗೆಯನ್ನು ಲ ಅನ್ನುವ ಜಾಗಕ್ಕೆ ಒತ್ತಿ, ಧ್ವನಿ ಇಲ್ಲದೆ ಎರಡೂ ಕಡೆಯಿಂದ ಗಾಳಿ ಬಿಡಬೇಕು. ಕನ್ನಡದ ಯಾವ ಅಕ್ಷರಕ್ಕೂ ಅದು ಸಿಗುವುದಿಲ್ಲ.)

ಅಲ್ಲಿಂದ ಮುಂದೆ ಡವಿ ನದಿಯ ಅಳಿವೆ. ಜೌಗು, ಹುಲ್ಲು, ನೀರು, ನೀರಿನ ಮೇಲೆ ಬಾತುಗಳು. ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತಿದ್ದ. ಇಳಿಯುವಾಗ ಕತ್ತಲಾಗಿತ್ತು. ಪುಟ್ಟಿ ಟೊಪಗಿ ಹಾಕಿಕೊಂಡು ನಿಂತಿದ್ದಳು.

"ಮಾಮಾ, ಹಿಟ್ಟು ತಂದೀರೇನ್ರಿ?"

ಮೊದಲ ಮಾತೇ ಅದು.

ಡಿಸೆಂಬರ್ 28

ಪುಟ್ಟಿ ಇರುವುದು ನಾಲ್ಕು ಕೋಣೆಯ ಬಾಡಿಗೆ ಮನೆ. ಉಳಿದ ಮೂವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಅಡುಗೆಮನೆಯಲ್ಲಿ ನಾಲ್ಕು ಚಹಾ ಕಪ್ಪು ತೂಗುಹಾಕಿದ್ದವು, ಮೂರರ ಮೇಲೆ ಧೂಳು.

ಆರಕ್ಕೆ ಎಚ್ಚರವಾಯಿತು. ಹೊರಗೆ ನಡುರಾತ್ರಿಯಂಥ ಕತ್ತಲು. ಇಲ್ಲಿ ಈಗ ಬೆಳಗಾಗುವುದು ಎಂಟೂಕಾಲರ ಮೇಲೆ. ಏಳಕ್ಕೆ ತಡೆಯಲಾರದೆ ಕೋಟು ಹಾಕಿಕೊಂಡು ಹೊರಬಿದ್ದೆ.

ಓಣಿಯಲ್ಲಿ ಒಂದು ಮನೆಗೂ ದೀಪ ಇಲ್ಲ. ಸಾಲು ಸಾಲು ಮನೆ, ಎಲ್ಲ ಹುಡುಗರವೇ ಇರಬೇಕು, ಪರದೆ ಎಳೆದುಬಿಟ್ಟಿದ್ದಾರೆ. ಕೆಲವು ಬಾಗಿಲ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಚೀಲಗಳು. ಒಳಗೆ ಉಡುಗೊರೆಯ ಬಣ್ಣದ ಕಾಗದ, ಬಾಟಲಿ, ರಟ್ಟಿನ ಡಬ್ಬಿ. ಚೀಲ ನೋಡಿದರೆ ಯಾರ ಮನೆಯಲ್ಲಿ ಹಬ್ಬ ಹೇಗಾಯಿತು ಅಂತ ಹೇಳಬಹುದು. ಒಂದು ಕಡಲಕಾಗೆ ಚೀಲ ಹರಿದು, ಕೆಂಪು ರಿಬ್ಬನ್ ಎಳೆದುಕೊಂಡು ನಡುರಸ್ತೆಯಲ್ಲಿ ನಡೆದು ಹೋಗುತ್ತಿತ್ತು. ಯಾವ ಅವಸರವೂ ಇಲ್ಲ. ರಸ್ತೆ ಅದರದ್ದೇ.

ಡಿಸೆಂಬರ್ ಅಂದರೆ ಹಿಮ ಅಂದುಕೊಂಡಿದ್ದೆ. ಇಲ್ಲಿ ಹಿಮ ಇರಲಿಲ್ಲ. ಸಮುದ್ರ ಪಕ್ಕದಲ್ಲೇ ಇರುವುದರಿಂದ ಚಳಿ ಏಳೆಂಟು ಡಿಗ್ರಿಗಿಂತ ಕೆಳಗಿಳಿದಿರಲಿಲ್ಲ. ಆದರೆ ಗಾಳಿ! ಓಣಿ ಮುಗಿದು ದಂಡೆಯ ರಸ್ತೆ ಮುಟ್ಟಿದ್ದೇ ತಡ, ಎದೆಗೆ ಕೈ ಇಟ್ಟು ಹಿಂದಕ್ಕೆ ತಳ್ಳಿದ ಹಾಗಾಯಿತು. ಉಬ್ಬರದ ಹೊತ್ತು. ರಾತ್ರಿ ಅಲೆಗಳು ಎಸೆದ ಉರುಟು ಕಲ್ಲುಗಳು ರಸ್ತೆ ತುಂಬ ಬಿದ್ದಿದ್ದವು. ಕಬ್ಬಿಣದ ಕಟಕಟೆ ಮುಟ್ಟಿದರೆ ಅಂಟು. ಬೆರಳು ನೆಕ್ಕಿದೆ, ಉಪ್ಪು. ಬಯಲುಸೀಮೆಯವರು ಸಮುದ್ರದ ಮುಂದೆ ಇಂಥ ಹುಡುಗಾಟ ಮಾಡುತ್ತೇವೆ, ಏನು ಮಾಡೋದು.

ದಂಡೆಯ ನಡುವೆ ಒಂದು ಪಿಯರ್ ಇದೆ, ಕಂಬಗಳ ಮೇಲೆ ಸಮುದ್ರದೊಳಗೆ ಚಾಚಿದ ಅಟ್ಟ. 1865ರದ್ದು. ಕಟ್ಟಿದಾಗ 240 ಮೀಟರಿನಷ್ಟು ಉದ್ದ ಇತ್ತಂತೆ. ಬಿರುಗಾಳಿಗಳು ಕಡಿದು ಕಡಿದು ಈಗ ನೂರು ಮೀಟರೂ ಉಳಿದಿಲ್ಲ. ಅದರ ಹತ್ತಿರ ಬಂದಾಗ ಒಂದು ಸದ್ದು ಕೇಳಿತು. ಮೊದಲು ನೀರು ಅಂದುಕೊಂಡೆ. ಅಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತ ಪಂಕ್ತಿಯ ಗದ್ದಲವನ್ನು ಗೋಡೆಯಾಚೆ ನಿಂತು ಕೇಳಿದ ಹಾಗೆ. ಅಟ್ಟದ ಅಡಿಯಿಂದ ಬರುತ್ತಿತ್ತು. ಅದರ ಜೊತೆ ಕೋಳಿ ಗೂಡಿನ ವಾಸನೆ.

ಬಗ್ಗಿ ನೋಡಿದೆ. ಕಬ್ಬಿಣದ ತೊಲೆ, ಅಡ್ಡಪಟ್ಟಿ, ಕಂಬದ ಮೂಲೆ, ಎಲ್ಲ ಕಡೆ ಹಕ್ಕಿ. ಸ್ಟಾರ್ಲಿಂಗ್. ನಮ್ಮ ಗೊರವಂಕದ ಬಳಗದ್ದೇ. ಮೈ ಕಪ್ಪು, ಅದರ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ, ಎಳ್ಳು ಹಚ್ಚಿದ ಹಾಗೆ. ಒಂದನ್ನೊಂದು ಒತ್ತಿಕೊಂಡು ಕೂತಿದ್ದವು. ಸಾವಿರಗಟ್ಟಲೆ. ಚಳಿಗಾಲ ಕಳೆಯಲು ಬಾಲ್ಟಿಕ್, ರಷ್ಯಾ ಕಡೆಯಿಂದಲೂ ಈ ಹಕ್ಕಿಗಳು ಬ್ರಿಟನ್ನಿಗೆ ಬರುತ್ತವೆ. ಹಗಲೆಲ್ಲ ಹೊಲಗಳಲ್ಲಿ ಹುಳ ಹೆಕ್ಕಿ, ಸಂಜೆ ಇಲ್ಲಿಗೇ ಮರಳುತ್ತವೆ. ಕೆಳಗೆ ನೀರು, ಮೇಲೆ ಮಾಡು. ನರಿಯೂ ಬರಲ್ಲ, ಗಿಡುಗನಿಗೂ ಕಷ್ಟ.

ಎಂಟಕ್ಕೆ ಇನ್ನೂ ಸ್ವಲ್ಪ ಇತ್ತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಇದ್ದಕ್ಕಿದ್ದಂತೆ ಆ ಗದ್ದಲ ನಿಂತಿತು. ಒಂದೇ ಒಂದು ಕ್ಷಣ. ಆಮೇಲೆ ನನ್ನ ಕಾಲ ಕೆಳಗಿನಿಂದ ಒಂದು ಕಪ್ಪು ಚಾದರ ಎಳೆದ ಹಾಗೆ ನೂರಾರು ಹಕ್ಕಿ ಹೊರಟು, ನೀರನ್ನು ಸವರಿಕೊಂಡು ಹೋಗಿ, ಊರಿನ ಮೇಲೆ ಎದ್ದವು. ಉಳಿದವು ಮತ್ತೆ ಮಾತಿಗೆ ಶುರು ಮಾಡಿದವು. ಐದು ನಿಮಿಷ ಬಿಟ್ಟು ಮತ್ತೆ ಮೌನ, ಮತ್ತೊಂದು ಚಾದರ. ಏಳೋ ಎಂಟೋ ಸಲ ಎಣಿಸಿದೆ. ಕೊನೆಗೆ ಅಲೆಯ ಸದ್ದು ಮಾತ್ರ ಉಳಿಯಿತು. ಸಂಜೆ ಈ ಹಕ್ಕಿಗಳು ಮರಳುವಾಗ ಆಕಾಶದಲ್ಲಿ ಆಡುವ ಆಟ ನೋಡಲು ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಅದನ್ನೂ ಆ ಸಂಜೆ ನೋಡಿದೆ, ಚೆನ್ನಾಗಿತ್ತು. ಆದರೂ ನನಗೆ ಬೆಳಗಿನದೇ ಹಿಡಿಸಿತು. ಕೆಲಸಕ್ಕೆ ಹೋಗುವವರ ಹಾಗೆ ಹೋದವು.

ಪಿಯರ್ ಪಕ್ಕದಲ್ಲೇ ಗೋಪುರ, ಕಮಾನು ಎಲ್ಲ ಇರುವ ದೊಡ್ಡ ಕಲ್ಲಿನ ಕಟ್ಟಡ. ಹಳೇ ಕಾಲೇಜು. ರಿಪೇರಿ ನಡೆದಿದೆ, ಸುತ್ತ ಕಂಬ ಕಟ್ಟಿದ್ದಾರೆ. ಅಸಲಿಗೆ ಇದು ಹೋಟೆಲು. ಥಾಮಸ್ ಸೇವಿನ್ ಅನ್ನುವ ರೈಲು ಗುತ್ತಿಗೆದಾರ, ರೈಲಿನಲ್ಲಿ ಪ್ರವಾಸಿಗಳು ಬಂದು ಬೀಳುತ್ತಾರೆ ಅಂತ ಸಾಲ ಮಾಡಿ ಕಟ್ಟಿಸಿ, 1866ರಲ್ಲಿ ದಿವಾಳಿಯಾದ. ವೇಲ್ಸ್‌ಗೆ ಒಂದು ವಿಶ್ವವಿದ್ಯಾಲಯ ಬೇಕು ಅಂತ ಓಡಾಡುತ್ತಿದ್ದವರು ಅದನ್ನು 10,000 ಪೌಂಡಿಗೆ ಕೊಂಡರು. 1872ರಲ್ಲಿ 26 ವಿದ್ಯಾರ್ಥಿಗಳಿಂದ ಶುರು. ನಡೆಸಲು ದುಡ್ಡಿಲ್ಲ. ಪ್ರಾರ್ಥನಾ ಮಂದಿರಗಳಲ್ಲಿ ಅದಕ್ಕಾಗಿ ಒಂದು ಭಾನುವಾರ ಗೊತ್ತು ಮಾಡಿ, ಬಡವರಿಂದಲೂ ಪೆನ್ನಿ ಪೆನ್ನಿ ಕೂಡಿಸಿದರು. ಜೋಳಿಗೆ ಹಿಡಿದು ಕಟ್ಟಿದ ಶಾಲೆ, ಬೋರ್ಡಿಂಗು ನಮ್ಮ ಕಡೆಯೂ ಇವೆ, ಹಾಗಾಗಿ ಈ ಕಥೆ ನನಗೆ ಹೊಸದು ಅನಿಸಲಿಲ್ಲ.

ದಂಡೆಯ ಉತ್ತರದ ತುದಿಗೆ ನಡೆದೆ. ಅಲ್ಲಿ ಗುಡ್ಡ ಎದ್ದು ದಾರಿ ಮುಗಿಯುತ್ತದೆ, ಒಂದು ಕಂಬಿ ಅಡ್ಡ ಇದೆ. ಇಲ್ಲಿಯವರೆಗೆ ಬಂದವರು ಆ ಕಂಬಿಗೆ ಒಂದು ಒದೆ ಕೊಟ್ಟೇ ಹಿಂದಿರುಗಬೇಕು. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಹತ್ತಿರದಲ್ಲೇ ಹುಡುಗಿಯರ ಹಳೆಯ ಹಾಸ್ಟೆಲ್ ಇದೆ, ಅವರ ಕಣ್ಣಿಗೆ ಬೀಳಲು ಹುಡುಗರು ಶುರು ಮಾಡಿದ್ದು ಅನ್ನುವುದೂ ಒಂದು. ಇದನ್ನೇ ನಂಬೋಣ ಅನಿಸಿತು. ಆಚೆ ಈಚೆ ನೋಡಿದೆ, ಯಾರೂ ಇಲ್ಲ. ಬಲಗಾಲಲ್ಲಿ ಒದ್ದೆ. ಒದ್ದ ತಕ್ಷಣ ಕೈ ತಾನಾಗಿ ಕಂಬಿ ಮುಟ್ಟಿ ಕಣ್ಣಿಗೆ ಹೋಯಿತು. ಚಿಕ್ಕಂದಿನ ಅಭ್ಯಾಸ, ಕಾಲು ತಾಗಿದ್ದಕ್ಕೆ ಕ್ಷಮೆ.

ಯಾರೂ ಇಲ್ಲ ಅಂದುಕೊಂಡಿದ್ದು ತಪ್ಪು. ನಾಯಿ ಹಿಡಿದ ಮುದುಕರೊಬ್ಬರು ಹಿಂದೆಯೇ ಇದ್ದರು. "ಬೋರೆ ದಾ" ಅಂದರು. ನಾನು ಗುಡ್ ಮಾರ್ನಿಂಗ್ ಅಂದೆ. ಅವರೂ ಕಂಬಿ ಒದ್ದರು. ಕಣ್ಣಿಗೊತ್ತಿಕೊಳ್ಳಲಿಲ್ಲ.

ಸಮುದ್ರ ಪಶ್ಚಿಮಕ್ಕೆ, ಸೂರ್ಯ ಬರುವುದು ಊರಿನ ಹಿಂದಿನ ಗುಡ್ಡದಿಂದ. ಹಾಗಾಗಿ ಇಲ್ಲಿ ಬಿಸಿಲು ಮೊದಲು ಬೀಳುವುದು ದೂರದ ನೀರಿನ ಮೇಲೆ. ಅಲ್ಲಿಂದ ನಿಧಾನವಾಗಿ ದಂಡೆಯ ಕಡೆ ಸರಿದು ಬಂತು. ನನ್ನ ಕಾಲಿಗೆ ಮುಟ್ಟುವಷ್ಟರಲ್ಲಿ ಒಂಬತ್ತೂವರೆ ದಾಟಿತ್ತು.

ದಾರಿಯಲ್ಲಿ ಒಂದು ಬೇಕರಿ ತೆರೆದಿತ್ತು. ಐದಾರು ಜನರ ಸಾಲು, ಎಲ್ಲ ವಯಸ್ಸಾದವರೇ. ಅಂಗಡಿಯಾಕೆಯೂ ಅವರೂ ಮಾತಾಡುತ್ತಿದ್ದದ್ದು ವೆಲ್ಷ್. ಬ್ರೆಡ್ಡು, ಚಿಲ್ಲರೆ, ಮೊಣಕಾಲು ನೋವು, ಮೊಮ್ಮಕ್ಕಳು. ಅರ್ಥವಾಗದಿದ್ದರೂ ಗೊತ್ತಾಗುತ್ತದೆ, ಅಲ್ವಾ? ಮನೆಗೆ ಬಂದು ಪುಟ್ಟಿಗೆ ಹೇಳಿದೆ.

"ಇದು ಈ ಹತ್ತು ದಿನದ ಮಾತ್ರೀ ಮಾಮಾ. ಕಾಲೇಜು ಶುರು ಆತಂದ್ರ ಅದೇ ಅಂಗಡ್ಯಾಗ ಬರೇ ಇಂಗ್ಲಿಷ್ ಕೇಳ್ತೈತಿ. ನಾನೂ ಇಂಗ್ಲಿಷ್ನ್ಯಾಗ ಕೇಳಾಕಿ ನೋಡ್ರಿ."

ಪೂರಾ ನಿಜವೇನಲ್ಲ. ವೆಲ್ಷ್ ಮಾತಾಡುವ ವಿದ್ಯಾರ್ಥಿಗಳಿಗಾಗಿಯೇ ಪ್ಯಾಂಟಿಕೆಲಿನ್ ಅನ್ನುವ ಹಾಸ್ಟೆಲ್ ಇದೆ ಇಲ್ಲಿ. ಆದರೂ ಅವಳ ಮಾತು ತಲೆಯಲ್ಲಿ ಕೂತಿತು.

ಮಧ್ಯಾಹ್ನ ಗುಡ್ಡದ ಮೇಲಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಹತ್ತಿದೆ. 1907ರಲ್ಲಿ ಸ್ಥಾಪನೆಯಾದದ್ದು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಬೆಲೆಬಾಳುವ ಹಸ್ತಪ್ರತಿಗಳನ್ನು ತಂದು, ಇದೇ ಗುಡ್ಡ ಕೊರೆದು ಮಾಡಿದ ಸುರಂಗದಲ್ಲಿ ಇಟ್ಟಿದ್ದರು. 1250ರ ಸುಮಾರಿನ, ವೆಲ್ಷ್ ಪದ್ಯಗಳ ಕಪ್ಪು ಪುಸ್ತಕವೊಂದು ಇಲ್ಲಿದೆ, ಅದರ ಬಗ್ಗೆ ತಿಳಿಯಬೇಕು ಅಂತ ಆಸೆ. ಏದುಸಿರು ಬಿಡುತ್ತ ಹೋದರೆ ಬಾಗಿಲಿಗೆ ಚೀಟಿ: ಹೊಸ ವರ್ಷದವರೆಗೆ ರಜೆ. ಫೋನಿನಲ್ಲಿ ಒಂದು ಸಲ ನೋಡಿ ಹೊರಟಿದ್ದರೆ ಮೊಣಕಾಲು ಉಳಿಯುತ್ತಿತ್ತು. ಮೆಟ್ಟಿಲ ಮೇಲೆ ಕೂತು ಸಮುದ್ರ ನೋಡಿ ಇಳಿದೆ.

ರಾತ್ರಿ ರೊಟ್ಟಿ. ಪುಟ್ಟಿಯ ಹಂಚನ್ನು ಕೈಯಲ್ಲಿ ಹಿಡಿದು ನೋಡಿದೆ. ಅರ್ಧ ಇಂಚು ದಪ್ಪದ ಬೀಡು ಕಬ್ಬಿಣ, ದುಂಡಗೆ, ಮೇಲೆ ಬಳೆಯಂಥ ಹಿಡಿಕೆ. ಇಲ್ಲಿನವರು ಇದರ ಮೇಲೆ ಒಣದ್ರಾಕ್ಷಿ ಹಾಕಿದ ಸಣ್ಣ ಬಿಲ್ಲೆಗಳನ್ನು ಸುಡುತ್ತಾರೆ, ವೆಲ್ಷ್ ಕೇಕ್. ಯಾವುದೋ ಅಜ್ಜಿಯ ಹಂಚು ಹಳೇ ಸಾಮಾನಿನ ಅಂಗಡಿಗೆ ಬಂದಿದ್ದು ಆರು ಪೌಂಡಿಗೆ ಇವಳ ಪಾಲಾಗಿದೆ. ಕುದಿ ನೀರು ಹಾಕಿ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಬೆರಳಿಂದ ನೀರು ಸವರಿದಳು. ಬಡಿಯುವ ಸದ್ದು ಖಾಲಿ ಮನೆಯಲ್ಲಿ ಜೋರಾಗಿ ಕೇಳಿತು. "ಉಳಿದಾವ್ರು ಇದ್ದಾಗ ಬಡಿಯಂಗಿಲ್ರಿ" ಅಂದಳು.

ಡಿಸೆಂಬರ್ 29

ಬೆಳಿಗ್ಗೆ ಪುಟ್ಟಿ ಗಾಜಿನ ಮನೆಯ ಗಿಡಗಳಿಗೆ ನೀರು ಹಾಕಲು ಹೊರಟಳು. ಊರ ಹೊರಗೆ, ಬಸ್ಸು ಕಡಿಮೆ, ನಡೆದೇ ಹೋಗಬೇಕು. ಹಬ್ಬದಲ್ಲೂ ಬಿಡುವಿಲ್ಲವಾ ಅಂದರೆ, "ಗಿಡಕ್ಕೇನ್ ಸೂಟಿ ಇರ್ತೈತೇನ್ರಿ?" ಅಂದಳು. ಬರ್ಮಿಂಗ್‌ಹ್ಯಾಮಿಗೆ ಬಾ ಅಂತ ನಾವೆಲ್ಲ ಕರೆದಾಗ ಬರದೇ ಇದ್ದದ್ದು ಇದಕ್ಕೇ.

ಮಧ್ಯಾಹ್ನ ಇಬ್ಬರೂ ಬೋರ್ತ್‌ಗೆ ಹೋದೆವು. ರೈಲಿನಲ್ಲಿ ಹದಿನೈದು ನಿಮಿಷ. ಸಮುದ್ರಕ್ಕೂ ಜೌಗಿಗೂ ನಡುವೆ ಒಂದೇ ಬೀದಿಯ ಊರು. ಎರಡು ಗಂಟೆಗೆ ಇಳಿತ ಅಂತ ಪುಟ್ಟಿ ನೋಡಿಟ್ಟಿದ್ದಳು. ನೀರು ಬಹಳ ದೂರ ಸರಿದಿತ್ತು. ಒದ್ದೆ ಮರಳಿನ ಮೇಲೆ ಏನೋ ಕಪ್ಪಗೆ, ಸಾಲು ಸಾಲಾಗಿ.

ಮರದ ಬುಡಗಳು. ಓಕ್, ಪೈನ್, ಬರ್ಚ್. ನಾಲ್ಕೂವರೆ ಸಾವಿರದಿಂದ ಆರು ಸಾವಿರ ವರ್ಷದ ಹಿಂದೆ ಇಲ್ಲಿ ಕಾಡಿತ್ತು. ಸಮುದ್ರದ ಮಟ್ಟ ಏರಿತು, ನೆಲ ಜೌಗಾಯಿತು, ಮರಗಳು ಸತ್ತವು. ಮೇಲೆ ಪೀಟ್, ಅಂದರೆ ಅರೆಕೊಳೆತ ಗಿಡಗಳ ಮಣ್ಣು, ಕೂತು ಗಾಳಿ ಹೋಗದಂತೆ ಮುಚ್ಚಿದ್ದರಿಂದ ಕೊಳೆಯದೆ ಉಳಿದವು. ಬಿರುಗಾಳಿ ಮರಳನ್ನು ಎಳೆದುಕೊಂಡು ಹೋದಾಗ ಇನ್ನೂ ಜಾಸ್ತಿ ಕಾಣುತ್ತವೆ. 2014ರ ದೊಡ್ಡ ಬಿರುಗಾಳಿಯ ನಂತರ ಹಾಗೇ ಆಗಿತ್ತು. ನಾನು ಒಂದರ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಬೇರುಗಳು ಹಾಗೇ ಹರಡಿಕೊಂಡಿವೆ. ಬೆರಳಿಂದ ಒತ್ತಿದರೆ ಮೆತ್ತಗೆ, ನೆನೆದ ರಟ್ಟಿನ ಹಾಗೆ. ತೊಗಟೆ ಕೂಡ ಗೊತ್ತಾಗುತ್ತದೆ.

ಜನ ಇದಕ್ಕೆ ಬೇರೆ ಕಥೆ ಹೇಳುತ್ತಾರೆ. ಇಲ್ಲಿ ಕಂಟ್ರೆರ್ ಗ್ವೈಲೋದ್ ಅನ್ನುವ ಸೀಮೆ ಇತ್ತು. ಒಡ್ಡು ಕಟ್ಟಿ ಸಮುದ್ರ ತಡೆದಿದ್ದರು. ತೂಬು ಕಾಯುವ ಸೆಯ್‌ಥೆನಿನ್ ಒಂದು ರಾತ್ರಿ ಕುಡಿದು ಮಲಗಿದ. ತೂಬು ತೆರೆದೇ ಇತ್ತು. ಸೀಮೆಯೆಲ್ಲ ಮುಳುಗಿತು. ಈಗಲೂ ನಿಶ್ಶಬ್ದವಾದ ದಿನ ನೀರೊಳಗಿನ ಗಂಟೆ ಕೇಳುತ್ತದಂತೆ. ಹಿಂದಿನ ದಿನ ನಾನು ನೋಡಲಾಗದ ಕಪ್ಪು ಪುಸ್ತಕದಲ್ಲೂ ಈ ಮುಳುಗಡೆಯ ಪದ್ಯವಿದೆ. ಅದರಲ್ಲಿ ತಪ್ಪು ಹೊರುವವಳು ಬಾವಿ ಕಾಯುವ ಒಬ್ಬ ಹೆಣ್ಣುಮಗಳು. ಕುಡುಕನ ಕಥೆ ಬೆಳೆದದ್ದು ಆಮೇಲೆ.

ಮುಳುಗಡೆ. ಬಾಗಲಕೋಟೆಯವರಿಗೆ ಈ ಶಬ್ದ ಬೇರೆಯೇ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿಗಳು ಹೋದವು, ನಾವೆಲ್ಲ ನವನಗರಕ್ಕೆ ಬಂದೆವು, ಸೆಕ್ಟರ್ ನಂಬರಿನ ವಿಳಾಸಕ್ಕೆ. ಅಕ್ಕನ ಗಂಡನ ಹಳ್ಳಿ ಪೂರಾ ಹೋಯಿತು. ಬೇಸಿಗೆಯಲ್ಲಿ ನೀರು ಸರಿದಾಗ ಹನುಮಪ್ಪನ ಗುಡಿಯ ಕಟ್ಟೆ ಕಾಣುತ್ತದೆ. ಭಾವ ಇದ್ದಷ್ಟು ದಿನ ಪ್ರತಿ ಮೇ ತಿಂಗಳು ಹೋಗಿ, ಕೆಸರಲ್ಲಿ ನಿಂತು, ಕಾಯಿ ಒಡೆದು ಬರುತ್ತಿದ್ದರು.

ಪುಟ್ಟಿ ಆಗ ಹುಟ್ಟಿರಲಿಲ್ಲ. ಅವಳು ಆ ಊರು ನೋಡಿದ್ದೇ ಹಾಗೆ, ಕಟ್ಟೆ ಮಾತ್ರ.

"ಅಪ್ಪಾಗ ಇದನ್ನ ತೋರಿಸ್ಬೇಕಿತ್ರಿ" ಅಂದಳು. ನಾನು ಹ್ಞೂಂ ಅಂದೆ. ಬುಡದ ಒಂದು ಚೂರು ಅಲ್ಲೇ ಬಿದ್ದಿತ್ತು. ಎತ್ತಿ ಮೂಸಿ, ಎಲ್ಲಿತ್ತೋ ಅಲ್ಲೇ ಇಟ್ಟೆ. ಮೂರು ಗಂಟೆಗೆ ನೀರು ತಿರುಗಿ ಬರತೊಡಗಿತು. ಮುಂದಿನ ಸಾಲಿನ ಬುಡಗಳು ಮೊದಲು ಹೋದವು.

ಡಿಸೆಂಬರ್ 30

ಮಳೆ. ರೈಲಿಗೆ ಇನ್ನೂ ಹೊತ್ತಿತ್ತು, ಟ್ರೆವೆಖಾನ್ ಸೇತುವೆ ನೋಡಿ ಬರೋಣ ಅಂತ ಛತ್ರಿ ಹಿಡಿದು ಹೋದೆ. ನೋಡಲು ಏನೂ ವಿಶೇಷ ಇಲ್ಲ, ಕಲ್ಲಿನ ಸೇತುವೆ, ಕೆಳಗೆ ರೈಡಾಲ್ ನದಿ. 1963ರ ಫೆಬ್ರುವರಿ 2ರಂದು, ಹಿಮ ಬಿದ್ದ ದಿನ, ಇಲ್ಲಿ ಹುಡುಗರು ಹುಡುಗಿಯರು ರಸ್ತೆಯಲ್ಲಿ ಕೂತರು. ಕೋರ್ಟಿನ ಸಮನ್ಸು ವೆಲ್ಷ್‌ನಲ್ಲಿ ಕೊಡಿ ಅಂತ. ಮೊದಲು ಪೋಸ್ಟ್ ಆಫೀಸಿಗೆ ಹೋಗಿ ಗೋಡೆ ತುಂಬ ಪೋಸ್ಟರ್ ಹಚ್ಚಿದ್ದರು, ಪೊಲೀಸರು ಹಿಡಿಯಲಿ ಅಂತಲೇ. ಹಿಡಿಯಲಿಲ್ಲ. ಸೇತುವೆ ಮೇಲೆ ಕೂತರೂ ಹಿಡಿಯಲಿಲ್ಲ. ಜೈಲಿಗೆ ಹೋಗಲು ಹೊರಟು ಒದ್ದೆ ಬಟ್ಟೆಯಲ್ಲಿ ಮನೆಗೆ ಹೋದರು. ಆದರೆ ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಬೋರ್ಡುಗಳು ಎರಡು ಭಾಷೆಗೆ ಬಂದವು, 2011ರ ಕಾನೂನು ವೆಲ್ಷ್‌ಗೆ ಅಧಿಕೃತ ಸ್ಥಾನ ಕೊಟ್ಟಿತು. ಗೋಕಾಕ್ ಚಳವಳಿಯ ಕಾಲಕ್ಕೆ ನಾನು ಹೈಸ್ಕೂಲು. ಮೆರವಣಿಗೆಯಲ್ಲಿ ಹೋಗಿದ್ದೆ, ಶಾಲೆಗೆ ರಜೆ ಸಿಕ್ಕಿತು ಅನ್ನುವ ಖುಷಿಯೇ ಜಾಸ್ತಿ ಇತ್ತು, ಸುಳ್ಳು ಯಾಕೆ.

ಇದೇ ಊರಲ್ಲಿ 1939ರಲ್ಲಿ ಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ತೆರೆದಾಗ ಇದ್ದ ಮಕ್ಕಳು ಏಳು. ಏಳೇ. ನಮ್ಮಲ್ಲಿ ಕನ್ನಡ ಶಾಲೆಗೆ ಏಳು ಮಕ್ಕಳಾದರೆ ಮುಚ್ಚುವ ಮಾತು ಶುರುವಾಗುತ್ತದೆ, ಅಲ್ಲಿ ಏಳರಿಂದ ತೆರೆದರು. ಹಾಗಂತ ಎಲ್ಲ ಸರಿಯಾಗಿದೆ ಅಂತಲ್ಲ. 2021ರ ಜನಗಣತಿಯಲ್ಲಿ ಇಡೀ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು 5.38 ಲಕ್ಷ, ನಮ್ಮ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆಯ ಮೂರರಲ್ಲಿ ಒಂದು ಪಾಲೂ ಇಲ್ಲ. ಈ ಊರಿರುವ ಕೆರೆಡಿಗಿಯನ್‌ನಲ್ಲಿ ನೂರಕ್ಕೆ 45. ಇಪ್ಪತ್ತು ವರ್ಷದ ಹಿಂದೆ ಅದು ಅರ್ಧಕ್ಕಿಂತ ಜಾಸ್ತಿ ಇತ್ತು.

ಸ್ಟೇಷನ್ನಿಗೆ ಪುಟ್ಟಿ ಬಂದಳು. ಬುತ್ತಿ ಕಟ್ಟಿದ್ದಳು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಭೋಗಿಗೆ ಇನ್ನೂ ಎರಡು ವಾರ ಇದೆಯಲ್ಲ ಅಂದೆ. "ಆಗ ನೀವು ಇಲ್ಲಿರಂಗಿಲ್ಲಲ್ರಿ" ಅಂದಳು. ಗಾಡಿಯಿಂದ ಮೂವರು ಹುಡುಗಿಯರು ದೊಡ್ಡ ದೊಡ್ಡ ಸೂಟ್‌ಕೇಸ್ ಇಳಿಸುತ್ತಿದ್ದರು. ರಜೆ ಮುಗಿಯುವ ಮೊದಲೇ ಬಂದವರು. ಚಕ್ರಗಳ ಸದ್ದು ಪ್ಲಾಟ್‌ಫಾರಂ ಉದ್ದಕ್ಕೂ ಹೋಯಿತು.

ಈ ಸಲ ಎಚ್ಚರವಾಗಿದ್ದೆ. ಮಖಂತ್ಲೆತ್‌ನಲ್ಲಿ ಗಾಡಿ ನಿಂತಿತು. ಪುಲ್ಹೇಲಿಯಿಂದ ಬರುವ ಅರ್ಧಕ್ಕೆ ಕಾಯಬೇಕು. ಬುತ್ತಿ ಬಿಚ್ಚಿದೆ. ಎದುರು ಕೂತಿದ್ದ ಹೆಂಗಸು ರೊಟ್ಟಿಯನ್ನೇ ನೋಡುತ್ತಿದ್ದರು. ಅರ್ಧ ಮುರಿದು ಕೊಟ್ಟೆ. ಇದೇನು ಅಂತ ಕೇಳಿದರು.

"ಸಜ್ಜಿ ರೊಟ್ಟಿ."

ಅವರು ಹೇಳಿ ನೋಡಿದರು. ಒತ್ತು ಎಲ್ಲೋ ತಪ್ಪಿತು. ಅಷ್ಟರಲ್ಲಿ ಆ ಅರ್ಧ ಗಾಡಿ ಬಂದು ನಮ್ಮದಕ್ಕೆ ಧಡ್ ಅಂತ ಕೂಡಿಕೊಂಡಿತು, ಚಟ್ನಿ ಡಬ್ಬಿ ಜಾರಿತು. ಹಿಡಿದುಕೊಂಡು ಇನ್ನೊಂದು ಸಲ ಹೇಳಿಕೊಟ್ಟೆ. ಎರಡನೇ ಸಲ ಸರಿಯಾಗಿ ಬಂತು.